ಮಾತ್ರೆಯೋ, ವಾಕಿಂಗೋ ಎಂಬ ಜಗಳ ಬೇಡ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವನ್ನೇ ಕಂಗೆಡಿಸಿದ್ದವು. ಮೃತರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಯ ವರದಿ ಬಂದ ಮೇಲೆ, ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದು ಸರ್ಕಾರ ಹೇಳಿತು. ಆತಂಕ ಇಳಿಯಿತು, ಸಾಲು ಕರಗಿತು. ಆದರೆ ಒಂದು ಪ್ರಶ್ನೆ ಹಾಗೇ ಉಳಿದಿದೆ. ತಪಾಸಣೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ಗೊತ್ತಾದವರು ಮುಂದೇನು ಮಾಡಬೇಕು?

ನಾನು ಕಂಡಂತೆ ಇಲ್ಲಿ ಎರಡು ಪಂಗಡಗಳಿವೆ. 'ಮಾತ್ರೆ ನುಂಗ್ತಿದ್ದೀನಲ್ಲ, ಇನ್ನೇನು?' ಎನ್ನುವವರು ಒಂದು ಕಡೆ. 'ದಿನಾ ವಾಕಿಂಗ್ ಹೋಗ್ತೀನಿ, ಮಾತ್ರೆ ಯಾಕೆ?' ಎಂದು ಯಾರಿಗೂ ಹೇಳದೆ ಸ್ಟ್ಯಾಟಿನ್ ನಿಲ್ಲಿಸುವವರು ಇನ್ನೊಂದು ಕಡೆ. ಇಬ್ಬರದೂ ಅರ್ಧ ಸತ್ಯ.

ಸ್ಟ್ಯಾಟಿನ್ ಮಾತ್ರೆ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುತ್ತದೆ. ಆಗ ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಡೋಸ್‌ಗೆ ತಕ್ಕಂತೆ ಎಲ್‌ಡಿಎಲ್ ಶೇ 30ರಿಂದ 50ರಷ್ಟು ಇಳಿಯುತ್ತದೆ. ವ್ಯಾಯಾಮದಿಂದ ಮಾತ್ರ ಇಷ್ಟು ಇಳಿಕೆ ಸಾಧ್ಯವಿಲ್ಲ. ಆದರೆ ವ್ಯಾಯಾಮ ರಕ್ತದೊತ್ತಡ, ಸಕ್ಕರೆ ತಗ್ಗಿಸಿ ಹೃದಯದ ಕಸುವು ಹೆಚ್ಚಿಸುತ್ತದೆ. ಅದು ಮಾತ್ರೆಯ ಕೈಯಲ್ಲಾಗುವ ಕೆಲಸವಲ್ಲ.

2013ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕದ 10,043 ಮಾಜಿ ಸೈನಿಕರನ್ನು ಸುಮಾರು 10 ವರ್ಷ ಗಮನಿಸಿತ್ತು. ಸ್ಟ್ಯಾಟಿನ್ ತೆಗೆದುಕೊಂಡರೂ ದೈಹಿಕ ಕ್ಷಮತೆ ತೀರಾ ಕಡಿಮೆ ಇದ್ದವರಿಗೆ ಹೋಲಿಸಿದರೆ, ಸ್ಟ್ಯಾಟಿನ್ ಜೊತೆಗೆ ಉತ್ತಮ ಕ್ಷಮತೆಯೂ ಇದ್ದವರ ಸಾವಿನ ಅಪಾಯ ಶೇ 70ರಷ್ಟು ಕಡಿಮೆ ಇತ್ತು. ಮಾತ್ರೆಯಿಲ್ಲದೆ ಉತ್ತಮ ಕ್ಷಮತೆ ಇದ್ದವರಲ್ಲೂ ಅಪಾಯ ಅರ್ಧದಷ್ಟಿತ್ತು. ಮೊದಲೇ ಆರೋಗ್ಯವಂತರಾದವರೇ ಹೆಚ್ಚು ಓಡಾಡಿರಬಹುದು ಎಂಬ ವಾದಕ್ಕೆ ಇಲ್ಲಿ ಜಾಗವಿದೆ. ಆದರೂ ಎರಡೂ ಜೊತೆಗಿದ್ದವರೇ ಎಲ್ಲರಿಗಿಂತ ಸುರಕ್ಷಿತರಾಗಿದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ಮಗ್ಗುಲೂ ಇದೆ. ಅದೇ ವರ್ಷ ಅಮೆರಿಕದಲ್ಲೇ ನಡೆದ 12 ವಾರಗಳ ಸಣ್ಣ ಪ್ರಯೋಗದಲ್ಲಿ, ವ್ಯಾಯಾಮ ಮಾತ್ರ ಮಾಡಿದವರ ಕ್ಷಮತೆ ಶೇ 10ರಷ್ಟು ಏರಿದರೆ, ಜೊತೆಗೆ ಸಿಮ್ವಾಸ್ಟಾಟಿನ್ ನುಂಗಿದವರಲ್ಲಿ ಏರಿದ್ದು ಶೇ 1.5 ಮಾತ್ರ. ಅದರಲ್ಲಿದ್ದವರು 37 ಜನ. ಇಷ್ಟನ್ನೇ ನಂಬಿ ಮಾತ್ರೆ ಬಿಡುವುದು ಜಾಣತನವಲ್ಲ. ಸ್ನಾಯು ನೋವು ಕಾಣಿಸಿಕೊಂಡರೆ ಡಾಕ್ಟರಿಗೆ ಹೇಳಬೇಕು. ಅವರು ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು.

ಇದು ಅಪ್ಪ-ಅಮ್ಮನ ವಯಸ್ಸಿನವರ ಸಮಸ್ಯೆ, ನಮಗೇಕೆ ಎನ್ನಬೇಡಿ. 2024ರಲ್ಲಿ ಭಾರತೀಯ ಹೃದ್ರೋಗ ತಜ್ಞರ ಸಂಘ ಹೊರಡಿಸಿದ ಮಾರ್ಗಸೂಚಿ, 18ನೇ ವಯಸ್ಸಿಗೇ ಮೊದಲ ಲಿಪಿಡ್ ಪರೀಕ್ಷೆ ಆಗಬೇಕು ಎನ್ನುತ್ತದೆ. ನಮ್ಮಲ್ಲಿ ಎಷ್ಟು ಜನ ಮಾಡಿಸಿದ್ದೇವೆ? ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದರೆ ಮೈದಾನಕ್ಕಿಳಿದು ಓಡುತ್ತೇವೆ. ಕೆಎಎಸ್, ಎಫ್‌ಡಿಎ ಎಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಲೈಬ್ರರಿ ಕುರ್ಚಿ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ.

ಸರ್ಕಾರದ ಹೊಣೆಯೂ ಇದೆ. ಚೀಟಿಯಲ್ಲಿ ಮಾತ್ರೆ ಬರೆಯುವ ಕಡೆಯಲ್ಲೇ ನಡಿಗೆಯ ನಿಮಿಷಗಳನ್ನೂ ಬರೆಯುವಂತಾಗಬೇಕು. ನಡೆಯಲು ಫುಟ್‌ಪಾತ್ ಬೇಕು, ಸಂಜೆ ಕಾಲೇಜು ಮೈದಾನದ ಗೇಟು ತೆರೆದಿರಬೇಕು. ಅಷ್ಟರೊಳಗೆ ನಾವು ಮಾಡಬಹುದಾದದ್ದೂ ಒಂದಿದೆ. ಮನೆಯಲ್ಲಿ ಸ್ಟ್ಯಾಟಿನ್ ಬರೆಸಿಕೊಂಡವರು ಇದ್ದರೆ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಎಂದು ವಿಚಾರಿಸೋಣ. ಆಮೇಲೆ ಅವರನ್ನೂ ಕರೆದುಕೊಂಡು ವಾಕಿಂಗ್ ಹೊರಡೋಣ.