ಬೋರ್‌ವೆಲ್ ಮೋಟಾರಿಗೆ ನೀರೇ ಕೀಲೆಣ್ಣೆ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಬೋರ್‌ವೆಲ್ ಮೋಟಾರ್ ಸುಟ್ಟರೆ ಎಲ್ಲರೂ ಬೈಯೋದು ಕರೆಂಟನ್ನ. ವೋಲ್ಟೇಜ್ ಕಾಟ ಇಲ್ಲ ಅಂತಲ್ಲ... ಆದರೆ ಕೀಲೆಣ್ಣೆಯ ವಿಷಯ ಯಾರೂ ಎತ್ತೋದಿಲ್ಲ.

ಗಾಡಿ ಅಚ್ಚಿಗೆ ಹರಳೆಣ್ಣೆ ಬಿಡ್ತಿದ್ದ ಸೀಮೆ ನಮ್ಮದು. ನೂರಾರು ಅಡಿ ಕೆಳಗಿರೋ ಮೋಟಾರಿಗೆ ಏನು ಬಿಡ್ತಾರೆ ಹೇಳಿ? ನೀರು! ವಾಟರ್ ಫಿಲ್ಡ್ ಸಬ್‌ಮರ್ಸಿಬಲ್ ಮೋಟಾರಿನ ಬುಷ್, ಥ್ರಸ್ಟ್ ಬೇರಿಂಗ್ ತಿರುಗೋದು ಒಳಗೆ ತುಂಬಿದ ನೀರಿನ ತೆಳು ಪದರದ ಮೇಲೆ. ಇಳಿಸೋ ಮುಂಚೆ ಅದಕ್ಕೆ ಶುದ್ಧ ನೀರು ತುಂಬೋದು ಇದಕ್ಕೇ. ಮೇಲಿನ ಪಂಪಿನ ಬುಷ್‌ಗಳಿಗೆ ಎತ್ತುವ ನೀರೇ ಗತಿ. ಅದರಲ್ಲಿ ಮರಳಿದ್ದರೆ ಉಪ್ಪುಕಾಗದದ ಹಾಗೆ ತೇಯುತ್ತೆ. ನೀರೇ ನಿಂತರೆ ಬುಷ್ ಕಚ್ಚಿಕೊಳ್ಳುತ್ತೆ, ಮೋಟಾರಿಗೆ ತಂಪೂ ಇಲ್ಲ.

ನಾವೋ, ಆಟೋ ಸ್ಟಾರ್ಟರ್ ಹಾಕಿಸಿ ಮಲಗ್ತೀವಿ. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಮೋಟಾರ್ ಓಡುತ್ತೆ. ಬೋರಲ್ಲಿ ನೀರಿದೆಯೋ ಇಲ್ಲವೋ ಸ್ಟಾರ್ಟರಿಗೇನು ಗೊತ್ತು? ನನ್ನ ಪ್ರಕಾರ ಡ್ರೈ ರನ್ ರಿಲೇ ಇಲ್ಲದೆ ಆಟೋ ಸ್ಟಾರ್ಟರ್ ಮಾರಲೇಬಾರದು. ನೀರು ಖಾಲಿಯಾದರೆ ಪಂಪಿನ ಹೊರೆ ಇಳಿದು ಮೋಟಾರ್ ಎಳೆಯೋ ಆಂಪ್ಸ್ ಕಡಿಮೆಯಾಗುತ್ತೆ, ರಿಲೇ ಅದನ್ನ ನೋಡಿ ಆಫ್ ಮಾಡುತ್ತೆ. ಒಂದೇ ಒಂದು ಇಫ್ ಕಂಡೀಷನ್ :)

ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದನ್ನ ಬೈಪಾಸ್ ಮಾಡಿಸೋರೂ ಇದ್ದಾರೆ. ಸ್ವಾಮಿ, ಅದು ಕೆಟ್ಟಿರೋದಲ್ಲ, ಬೋರು ಬತ್ತಿದೆ ಅಂತ ಹೇಳ್ತಿರೋದು. ಟೈಮರ್ ಇಟ್ಟು ನೀರು ಊರೋಕೆ ಬಿಡಿ.