ಎಳೆಯ ತಾಯಂದಿರ ಲೆಕ್ಕ

ಕೃಷ್ಣೆಯ ದಂಡೆಯಲ್ಲಿರುವ ಕುಡಚಿಯಲ್ಲಿ ರೈಲು ಹತ್ತಿದರೆ ಉಗಾರ, ಶೇಡಬಾಳಗಳನ್ನು ದಾಟಿ ಮಿರಜವನ್ನು ಸೇರಲು ಬಹಳ ಹೊತ್ತು ಬೇಕಾಗುವುದಿಲ್ಲ. ಇಷ್ಟು ಅಲ್ಪ ಪ್ರಯಾಣದಲ್ಲಿ ಒಂದು ಕಾನೂನಿನ ಬಲವೇ ಬದಲಾಗುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ಕರ್ನಾಟಕವು ತನ್ನ 2016ರ ತಿದ್ದುಪಡಿಯಿಂದ ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. 2006ರ ಕೇಂದ್ರ ಕಾಯಿದೆಯ ಮೂಲ ರೂಪದಲ್ಲಾದರೋ, ರದ್ದುಪಡಿಸಿರೆಂದು ನ್ಯಾಯಾಲಯಕ್ಕೆ ಅರ್ಜಿ ಹೋಗುವವರೆಗೆ ಆ ಮದುವೆ ಊರ್ಜಿತವೇ. ಮಾಡಿಸಿದವರಿಗೆ ಶಿಕ್ಷೆಯೇನೋ ಎರಡೂ ಕಡೆ ಉಂಟು. ಆದರೆ ಹುಡುಗಿಯ ಶರೀರಕ್ಕೆ ಗಡಿಯೆಂಬುದಿಲ್ಲ. ಅದರ ನಿಯಮವನ್ನೇ ಮೊದಲು ನೋಡೋಣ.

ಹುಡುಗಿ ಮೈನೆರೆದಳೆಂದರೆ ತಾಯಾಗಲು ಸಿದ್ಧಳಾದಳೆಂದು ನಮ್ಮ ಹಿರಿಯರು ಎಣಿಸಿದರು. ಇದು ತಪ್ಪೆಣಿಕೆ. ಎತ್ತರ ಬೆಳೆಯುವುದು ಬಹುಮಟ್ಟಿಗೆ ಮುಗಿದ ಮೇಲೂ ಸೊಂಟದ ಬಟ್ಟಲೆಲುಬು ಕೆಲವು ವರ್ಷ ಅಗಲವಾಗುತ್ತಲೇ ಇರುತ್ತದೆ; ಮಗು ಹೊರಬರಬೇಕಾದುದು ಆ ದಾರಿಯಿಂದಲೇ ಅಷ್ಟೆ. ಇನ್ನು ಕಬ್ಬಿಣದ ಮಾತು. ಒಂದು ಬಸಿರಿಗೆ ಒಟ್ಟು ಸುಮಾರು 1 ಗ್ರಾಂ ಕಬ್ಬಿಣ ಬೇಕು. ಅಲ್ಪವೆಂದು ತೋರಬಹುದು, ಆದರೆ ತನ್ನ ಮೈಯೇ ಇನ್ನೂ ಬೆಳೆಯುತ್ತಿರುವ, ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಹುಡುಗಿಯ ಕಣಜದಲ್ಲಿ ಅಷ್ಟು ದಾಸ್ತಾನು ಎಲ್ಲಿಂದ ಬರಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ನಂಜು, ಬಾಣಂತಿಯ ಸೋಂಕು, ದಿನ ತುಂಬದ ಹೆರಿಗೆ, ಎರಡೂವರೆ ಕಿಲೋಗ್ರಾಮಿಗೂ ಕಡಮೆ ತೂಗುವ ಕೂಸು, ಇವೆಲ್ಲ ಎಳೆಯ ತಾಯಂದಿರಲ್ಲಿ ಹೆಚ್ಚು. ಇದರಲ್ಲಿ ಬಡತನದ ಪಾಲೂ ಉಂಟೆಂಬುದನ್ನು ಒಪ್ಪಬೇಕು. ಹತ್ತೊಂಬತ್ತರ ಬಸಿರನ್ನೂ ಹದಿನೈದರ ಬಸಿರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಆದರೆ ನಮ್ಮ ಲೆಕ್ಕ ಮಾಡುವುದು ಅದನ್ನೇ! ಸಮೀಕ್ಷೆಯ ವೇಳೆಗೆ ತಾಯಾಗಿದ್ದ ಅಥವಾ ಬಸಿರಾಗಿದ್ದ 15ರಿಂದ 19ರ ಹೆಣ್ಣುಮಕ್ಕಳು ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 7.8, ಮುಂದಿನ ಸಮೀಕ್ಷೆಯಲ್ಲಿ 5.4. ಭಾರತದಲ್ಲಿ 2005-06ರಲ್ಲಿ 16 ಇದ್ದುದು 6.8ಕ್ಕೆ ಇಳಿದಿದೆ. ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಕಾನೂನಿನಂತೆ ಮದುವೆಯಾದ ಹದಿನೆಂಟು ಹತ್ತೊಂಬತ್ತರವರೂ ಈ ಸಂಖ್ಯೆಯಲ್ಲಿದ್ದಾರೆ; ಹದಿನಾಲ್ಕರವಳು ಲೆಕ್ಕಕ್ಕೇ ಇಲ್ಲ. ಇದರ ಮಗ್ಗುಲಲ್ಲಿ ಇನ್ನೊಂದು ಅಂಕಿಯನ್ನಿಡೋಣ. 20ರಿಂದ 24ರ ಹೆಂಗಸರಲ್ಲಿ ಹದಿನೆಂಟಕ್ಕೆ ಮುಂಚೆಯೇ ಮದುವೆಯಾಗಿದ್ದವರು ಕರ್ನಾಟಕದಲ್ಲಿ 21.4ರಿಂದ 21.3ಕ್ಕೆ ಬಂದಿದ್ದಾರೆ, ಎಂದರೆ ಅಲುಗಿಯೇ ಇಲ್ಲ. ಈ ಎರಡನೆಯ ಅಂಕಿ ಕೆಲವು ವರ್ಷಗಳ ಹಿಂದಿನ ಮದುವೆಗಳನ್ನು ಹೇಳುವುದರಿಂದ ತಡವಾಗಿ ಇಳಿಯುತ್ತದೆಂದು ವಾದಿಸಬಹುದು. ವಾದ ಸರಿಯೆ, ಆದರೆ ಅದನ್ನೇ ನಂಬಿ ಕೂಡುವುದು ಜಾಣತನವಲ್ಲ.

ರಾಯಬಾಗ, ಅಥಣಿ, ಚಿಕ್ಕೋಡಿಗಳದು ಕಬ್ಬಿನ ಸೀಮೆ. ಹಂಗಾಮಿನಲ್ಲಿ ಕಡಿಯುವವರ ಗ್ಯಾಂಗುಗಳು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಗಂಡಹೆಂಡಿರ ಜೋಡಿಯನ್ನೇ ಒಂದು ಕೊಯ್ತವೆಂದು ಎಣಿಸಿ ಮುಂಗಡ ಕೊಡುವ ಪದ್ಧತಿ ಈ ಕಸುಬಿನಲ್ಲುಂಟು. ಒಂಟಿ ಹುಡುಗನಿಗೆ ಬೇಗ ಹೆಂಡತಿ ಬೇಕೆನಿಸುವುದು, ವಯಸ್ಸಿಗೆ ಬಂದ ಮಗಳನ್ನು ಗುಡಿಸಲಿನಲ್ಲಿ ಬಿಟ್ಟು ಹೊಲಕ್ಕೆ ಹೋಗಲು ತಾಯಿ ಹೆದರುವುದು, ಇವು ಕೇವಲ ಮೂಢನಂಬಿಕೆಯ ಮಾತಲ್ಲ. ಇಂತಹವರಿಗೆ ಕಾನೂನಿನ ಉಪದೇಶಕ್ಕಿಂತ ಮಗಳಿಗೊಂದು ಭದ್ರವಾದ ವಸತಿಶಾಲೆ ಹೆಚ್ಚು ಉಪಕಾರಿ.

ಮದುವೆ ಆಗಿಹೋಗಿ ಬಸಿರು ನಿಂತ ಹುಡುಗಿಯ ಗತಿಯೇನು? 2012ರ ಪೋಕ್ಸೋ ಕಾಯಿದೆಯಂತೆ ಹದಿನೆಂಟು ತುಂಬದ ಬಸುರಿಯನ್ನು ಕಂಡ ವೈದ್ಯರು ಪೋಲೀಸರಿಗೆ ತಿಳಿಸಲೇಬೇಕು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಮಗನೋ ಅಳಿಯನೋ ಸೆರೆಮನೆಗೆ ಹೋಗುವನೆಂಬ ಭಯವಿದ್ದ ಮನೆಯವರು ಏನು ಮಾಡಿಯಾರು? ವಯಸ್ಸನ್ನು ಹೆಚ್ಚಿಸಿ ಬರೆಸುತ್ತಾರೆ, ಇಲ್ಲವೆ ಆರೋಗ್ಯ ಕೇಂದ್ರದ ಕಡೆ ಹಾಯುವುದೇ ಇಲ್ಲ. ರಕ್ತಪರೀಕ್ಷೆ, ಕಬ್ಬಿಣದ ಗುಳಿಗೆ, ರಕ್ತದ ಒತ್ತಡದ ಅಳತೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಅವಶ್ಯವೋ ಅವಳಿಗೇ ತಪ್ಪುತ್ತವೆ.

ಗರ್ಭಪಾತಕ್ಕಾಗಿ ಬಂದ ಹುಡುಗಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಒಂದು ದಾರಿ ತೋರಿಸಿದೆ: ಅವಳೂ ಪೋಷಕರೂ ಕೇಳಿಕೊಂಡರೆ, ವೈದ್ಯರು ಕೊಡುವ ಮಾಹಿತಿಯಲ್ಲಿ ಅವಳ ಹೆಸರನ್ನು ಬಿಡಬಹುದು. ಮಗುವನ್ನು ಹೆರಲಿರುವ ಹುಡುಗಿಗೂ ಈ ರಕ್ಷಣೆ ಏಕೆ ಸಲ್ಲಬಾರದು? ಬಲಾತ್ಕಾರ ಮಾಡಿದವನು ಇದರ ಮರೆಯಲ್ಲಿ ತಪ್ಪಿಸಿಕೊಂಡಾನೆಂಬ ಆಕ್ಷೇಪ ಹಗುರವಾದುದಲ್ಲ. ಆದುದರಿಂದ ದಾದಿಯು ಹುಡುಗಿಯನ್ನು ಮನೆಯವರಿಲ್ಲದೆ ಒಂಟಿಯಾಗಿ ಕೂರಿಸಿಕೊಂಡು ವಿಚಾರಿಸಬೇಕು. ಅವಳು ದೂರು ಹೇಳಿದರೆ ಪೋಲೀಸರು ಬರಲಿ. ಹೇಳಲಿ, ಬಿಡಲಿ, ರಕ್ತಪರೀಕ್ಷೆ ಆ ದಿನವೇ ಆಗಲಿ.