ಗೆದ್ದೆತ್ತಿನ ಬಾಲ ಹಿಡಿಯೋರು

ರೈತ ಬಂಧುಗಳೇ, 2020ರ ನವೆಂಬರ್‌ನಿಂದ ವರ್ಷಕ್ಕೂ ಹೆಚ್ಚು ಕಾಲ ದಿಲ್ಲಿಯ ಗಡಿಯಲ್ಲಿ ಕೂತವರನ್ನು ನೆನೆಯಿರಿ. ಕೆಂಬಾವುಟದ ಕಿಸಾನ್ ಸಭಾದವರೂ ಯಾವ ಪಕ್ಷಕ್ಕೂ ಸೇರದ ಸಂಘದವರೂ ಒಂದೇ ಪಂಕ್ತಿಯಲ್ಲಿ ಉಂಡರು. ಪಕ್ಷದ ಮುಖಂಡರಿಗೆ ವೇದಿಕೆ ಕೊಡಲಿಲ್ಲ. 2021ರ ನವೆಂಬರ್‌ನಲ್ಲಿ ಮೂರೂ ಕಾಯ್ದೆ ವಾಪಸಾದವು. ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ ಮಾತ್ರ ಸಿಗಲಿಲ್ಲ.

ಆಮೇಲೇನಾಯ್ತು? ಡಿಸೆಂಬರ್‌ನಲ್ಲೇ ಪಂಜಾಬಿನ 22 ಸಂಘಗಳು ಚುನಾವಣೆಗೆ ಇಳಿಯುತ್ತೇವೆಂದವು. 2022ರಲ್ಲಿ ಒಂದು ಸ್ಥಾನವೂ ಬರಲಿಲ್ಲ. ಒಗ್ಗಟ್ಟಿಗೆ ಬಿರುಕು ಬಿತ್ತು.

ಚುನಾವಣೆಗೆ ನಿಲ್ಲೋದು ತಪ್ಪಲ್ಲ. ಎಲ್ಲರೂ ಸೇರಿ ಗಳಿಸಿದ ಹೆಸರನ್ನು ಕೆಲವರು ಬಂಡವಾಳ ಮಾಡಿಕೊಳ್ಳೋದು ತಪ್ಪು. ನಿಮ್ಮೂರಿಗೆ ಹಸಿರು ಶಾಲು ಹೊದ್ದು ಬಂದವರನ್ನು ಕೇಳಿ: ಸಾಲಕ್ಕೆ ಜಪ್ತಿ ಬಂದಾಗ ನಮ್ಮ ಬಾಗಿಲಲ್ಲಿ ನಿಂತಿದ್ದಿರಾ? ಚಂದಾ ಹಣದ ಲೆಕ್ಕ ಊರ ಮುಂದೆ ಇಟ್ಟಿದ್ದೀರಾ? ಉತ್ತರವಿಲ್ಲದವರಿಗೆ ವೇದಿಕೆ ಬೇಡ.